ಮೂಗಿನ ಪಕ್ಕ ಕೆಂಪಾಗಿ ಹೊಟ್ಟು ಏಳುತ್ತೆ, ಯಾವ ಕ್ರೀಮ್ ಹಚ್ಚಬೇಕು?

ಪ್ರಶ್ನೆ (ತಿಪಟೂರು)
ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸ ನಂದು, ವಯಸ್ಸು 36. ಮೂಗಿನ ಎರಡೂ ಪಕ್ಕ, ಹುಬ್ಬಿನೊಳಗೆ ಚರ್ಮ ಕೆಂಪಾಗಿ ಜಿಡ್ಡುಜಿಡ್ಡು ಹಳದಿ ಹೊಟ್ಟು ಏಳುತ್ತೆ. ಚಳಿಗಾಲದಲ್ಲಿ ಜಾಸ್ತಿ. ಮೆಡಿಕಲ್‌ನಲ್ಲಿ ಕೇಳಿದ್ದಕ್ಕೆ ಒಂದು ಟ್ಯೂಬ್ ಕೊಟ್ಟರು. ಹಚ್ಚಿದರೆ ಮಾಯ, ಬಿಟ್ಟರೆ ಮೊದಲಿಗಿಂತ ಕೆಂಪು. ಟ್ಯೂಬ್ ಮೇಲೆ ಕ್ಲೊಬೆಟಸಾಲ್ ಅಂತಿದೆ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಮಕ್ಕಳಿಗೆ ಅಂಟುತ್ತಾ ಅನ್ನೋ ಭಯ ಬೇರೆ.

ಉತ್ತರ (ಗುಬ್ಬಿ, ಫಾರ್ಮಸಿಸ್ಟ್)
ಅಣ್ಣಾ, ಮೊದಲು ಆ ಟ್ಯೂಬ್ ಬಿಡಿ. ಹಚ್ಚೋ ಸ್ಟೀರಾಯ್ಡ್‌ಗಳಲ್ಲೇ ಕ್ಲೊಬೆಟಸಾಲ್ ಅತಿ ಜೋರಿನದು, ಚೀಟಿ ಇಲ್ಲದೆ ಕೊಡಲೇಬಾರದು. ತಿಂಗಳುಗಟ್ಟಲೆ ಹಚ್ಚಿ ಕೆನ್ನೆ ತೆಳುವಾಗಿ, ಎಳೆಎಳೆಯಾಗಿ ರಕ್ತನಾಳ ಕಾಣೋ ಮುಖಗಳನ್ನ ನಮ್ಮ ಕೌಂಟರ್‌ನಲ್ಲಿ ನೋಡ್ತಾನೇ ಇರ್ತೀನಿ, ಸಂಕಟ ಆಗುತ್ತೆ.

ನೀವು ಹೇಳೋದು ಸೆಬೊರಿಕ್ ಡರ್ಮಟೈಟಿಸ್ ಥರ ಇದೆ, ತಲೆಹೊಟ್ಟಿನದೇ ಜಾತಿ. ಅಂಟಲ್ಲ. ಮಲಸೀಜಿಯಾ ಅನ್ನೋ ಫಂಗಸ್ ಎಲ್ಲರ ಚರ್ಮದಲ್ಲೂ ಇರುತ್ತೆ, ಕೆಲವರ ಚರ್ಮ ಅದಕ್ಕೆ ಕೆರಳುತ್ತೆ. ಅದಕ್ಕೆ ಬೇಕಾದ ಕೊಬ್ಬಿನಾಮ್ಲ ಅದೇ ತಯಾರಿಸ್ಕೊಳ್ಳಲಾರದು, ನಮ್ಮ ಚರ್ಮದ ಜಿಡ್ಡೇ ಊಟ. ಹಾಗಾಗಿ ಅಮ್ಮನಿಗೆ ನಿಧಾನವಾಗಿ ಹೇಳಿ, ಮುಖಕ್ಕೆ ಎಣ್ಣೆ ಬೇಡ.

ಸಾಮಾನ್ಯವಾಗಿ ಕೊಡೋದು ಫಂಗಸ್ ಅಡಗಿಸೋ ಕೀಟೊಕೊನಜೋಲ್ 2% ಕ್ರೀಮ್, ದಿನಕ್ಕೆ ಎರಡು ಸಲ, ನಾಲ್ಕು ವಾರ. ತೆಳ್ಳಗೆ ಸಾಕು. ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ ತಗೊಳ್ಳಿ: ಕೀಟೊಕೊನಜೋಲ್ ಒಂದೇ ಇರಬೇಕು. ಜೊತೆಗೆ ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಅಂತ ಸ್ಟೀರಾಯ್ಡ್ ಹೆಸರು ಕಂಡರೆ ವಾಪಸ್ ಕೊಡಿ. ತಲೆಯಲ್ಲೂ ಹೊಟ್ಟಿದ್ದರೆ ಕೀಟೊಕೊನಜೋಲ್ ಶಾಂಪೂ ಐದು ನಿಮಿಷ ಬಿಟ್ಟು ತೊಳೀರಿ, ಆ ನೊರೆಯನ್ನೇ ಕಣ್ಣು ಮುಚ್ಚಿಕೊಂಡು ಹುಬ್ಬಿಗೂ ಸವರಬಹುದು.

ಉತ್ತರ (ಶಿರಾ)
ನಮ್ಮ ಯಜಮಾನರಿಗೂ ಇದೇ, ಗಡ್ಡದೊಳಗೆ. ತುಮಕೂರಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದ್ವಿ. ಟ್ಯಾಕ್ರೊಲಿಮಸ್ ಮುಲಾಮು ಬರೆದರು, ಅದು ಸ್ಟೀರಾಯ್ಡ್ ಅಲ್ಲ. ಶುರುವಲ್ಲಿ ಉರಿ ಉರಿ ಅಂತಿದ್ರು, ಆಮೇಲೆ ಒಗ್ಗಿತು.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಅಕ್ಕ. ನಾಲ್ಕು ವಾರ ಆದ್ಮೇಲೆ ಪೂರ್ತಿ ಹೋಗುತ್ತಾ?

ಉತ್ತರ (ಗುಬ್ಬಿ, ಫಾರ್ಮಸಿಸ್ಟ್)
ಇಳಿಯುತ್ತೆ, ಆದರೆ ಮರುಕಳಿಸೋ ಸ್ವಭಾವದ್ದು. ಅದಕ್ಕೇ ವಾಸಿಯಾದ ಮೇಲೂ ವಾರಕ್ಕೆ ಒಂದೆರಡು ಸಲ ಅದೇ ಕ್ರೀಮ್ ಹಚ್ಚೋದು. ಇನ್ನೊಂದು ಮಾತು: ಸ್ಟೀರಾಯ್ಡ್ ಬಿಟ್ಟ ಹೊಸತರಲ್ಲಿ ಕೆಂಪು, ಉರಿ ಜೋರಾಗಬಹುದು. ಹೆದರಿ ಹಳೇ ಟ್ಯೂಬಿಗೆ ಕೈ ಹಾಕಬೇಡಿ, ಸೀದಾ ಚರ್ಮದ ಡಾಕ್ಟರ ಹತ್ತಿರ ಹೋಗಿ. ಟ್ಯೂಬನ್ನೂ ಜೊತೆಗೆ ತಗೊಂಡು ಹೋಗಿ ತೋರಿಸಿ.