ಕೀಮೋ ಮಿಶ್ರಣಕ್ಕೆ ಅಣಕು ತರಬೇತಿ: ಅನುಭವ ಇದ್ದವರು ಹೇಳಿ

ಮಡಿಕೇರಿಯಿಂದ: ನಮ್ಮಲ್ಲಿ ಕ್ಯಾನ್ಸರ್ ಔಷಧಿ ಬೆರೆಸುವ ಕೀಮೋ ಕೋಣೆಗೆ ಆರು ನರ್ಸ್, ಇಬ್ಬರು ಫಾರ್ಮಸಿಸ್ಟ್ ಹೊಸಬರು. ಔಷಧಿ ತಪ್ಪಾಗದಂತೆ ಮೊದಲು ಅಣಕು ತರಬೇತಿ ಕೊಡಬೇಕು. ಎಲ್ಲಿಂದ ಶುರು ಮಾಡಲಿ?

ವಿರಾಜಪೇಟೆಯಿಂದ: ಔಷಧಿಯ ಬದಲು ಫ್ಲೋರೆಸಿನ್ ಅನ್ನುವ ಹೊಳೆಯುವ ಬಣ್ಣ ಬೆರೆಸಿದ ನೀರಿನಿಂದ. ಕೆಲಸ ಮುಗಿದ ಮೇಲೆ ದೀಪ ಆರಿಸಿ ಯುವಿ ಟಾರ್ಚ್ ಬಿಡಿ. ಚೆಲ್ಲಿದ್ದರೆ ಗ್ಲೌಸ್ ತುದಿ, ವಯಲ್ (ಔಷಧಿ ಶೀಶೆ) ರಬ್ಬರು, ಬ್ಯಾಗಿನ ಮೂತಿ ಹಸಿರಾಗಿ ಹೊಳೆಯುತ್ತವೆ. ಚೆಲ್ಲಲು ಒಂದು ಮುಖ್ಯ ಕಾರಣ, ವಯಲ್ ಒಳಗೆ ಗಾಳಿ ಜಾಸ್ತಿ ತಳ್ಳುವುದು. 10 ಮಿಲಿ ತೆಗೆಯಲು 10 ಮಿಲಿ ಗಾಳಿ ಬೇಡ, ಕಮ್ಮಿ ಇರಲಿ, ಅದೂ ಸ್ವಲ್ಪ ಸ್ವಲ್ಪವಾಗಿ. ಸಿರಿಂಜ್ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಎರಡೆರಡು ಗ್ಲೌಸ್, ಮಧ್ಯೆ ಒಮ್ಮೆ ಬದಲಾವಣೆ: ಒಬ್ಬರಿಗೆ 4 ಜತೆ. ಎಂಟು ಜನಕ್ಕೆ ಒಂದು ಸುತ್ತಿಗೇ 32 ಜತೆ, ಸ್ಟೋರಿನವರು ಕೊಡಲ್ಲ ಅಂತಾರೆ. ಬಿಡಬೇಡಿ, ಜಗಳ ಆಡಿಯಾದರೂ ತಗೊಳ್ಳಿ.

ಕುಶಾಲನಗರದಿಂದ: ಸರ್, ಚೆಲ್ಲಿದ್ದು ಸಿಬ್ಬಂದಿಗೆ ಅಪಾಯ. ಮೇಡಂ ಕೇಳಿದ್ದು ರೋಗಿಗೆ ಆಗುವ ತಪ್ಪು! ಆರ್ಡರ್ ಹಾಳೆಯಲ್ಲೇ ತಪ್ಪು ಹುದುಗಿಸಿಡಿ. 50 ಕೆಜಿಯ ರೋಗಿಯ ಎತ್ತರ 150 ಸೆಂಮೀ ಇದ್ದದ್ದು 105 ಆಗಲಿ: ಡೋಸ್ ಲೆಕ್ಕಕ್ಕೆ ಬೇಕಾದ ಮೈ ವಿಸ್ತೀರ್ಣ 1.44ರಿಂದ 1.21 ಚದರ ಮೀಟರ್‌ಗೆ ಇಳಿದು, ಚದರ ಮೀಟರ್‌ಗೆ 60 ಮಿಗ್ರಾಂ ಡಾಕ್ಸೊರುಬಿಸಿನ್ 86ರ ಬದಲು 72 ಆಗುತ್ತದೆ. ಆಕ್ಸಾಲಿಪ್ಲಾಟಿನ್‌ಗೆ ಡೆಕ್ಸ್‌ಟ್ರೋಸ್ ಬದಲು ಸಲೈನ್ ಇಡಿ. ವಿನ್‌ಕ್ರಿಸ್ಟೀನ್ ಟ್ರೇಯಲ್ಲಿ ವಿನ್‌ಬ್ಲಾಸ್ಟೀನ್ ಇಡಿ. ಎಷ್ಟು ತಪ್ಪಿವೆ ಅಂತ ಮಾತ್ರ ಹೇಳಬೇಡಿ. ಐದು ಅಂದರೆ ಐದಕ್ಕೇ ಹುಡುಕಾಟ ನಿಲ್ಲುತ್ತದೆ.

ವಿರಾಜಪೇಟೆಯಿಂದ: ಹಾಳೆ ಓದಿದರೆ ಕೈ ಪಳಗುತ್ತಾ?

ಸೋಮವಾರಪೇಟೆಯಿಂದ: ಇಬ್ಬರೂ ಅಳತೆ ಮರೆತಿರಿ. ಔಷಧಿ ಬ್ಯಾಗಿಗೆ ಹೋದ ಮೇಲೆ ಖಾಲಿ ಸಿರಿಂಜನ್ನು ಗೆರೆಗೆ ಎಳೆದು ತೋರಿಸುವ ಪದ್ಧತಿ ಬಿಡಿಸಿ. ಆಮೇಲೆ ಎಳೆದ ಗೆರೆ ಏನಕ್ಕೂ ಸಾಕ್ಷಿಯಲ್ಲ. ಬ್ಯಾಗನ್ನು ಮೊದಲೂ ಆಮೇಲೂ ತೂಗಿ. 10 ಮಿಲಿ ನೀರಿಗೆ 10 ಗ್ರಾಂ ಏರಬೇಕು. ಅಭ್ಯಾಸದಲ್ಲಿ 9.5ರಿಂದ 10.5ರ ಆಚೆ ಹೋದರೆ ಮತ್ತೆ ಮಾಡಿಸಿ.

ಕುಶಾಲನಗರದಿಂದ: ತಪ್ಪು ವಯಲ್‌ನಿಂದ 10 ಮಿಲಿ ಎಳೆದರೂ ತಕ್ಕಡಿ ಸರಿ ಅನ್ನುತ್ತಲ್ಲ!

ಸೋಮವಾರಪೇಟೆಯಿಂದ: ಅದಕ್ಕೇ ಎಳೆಯುವ ಮೊದಲೇ ಇನ್ನೊಬ್ಬರು ವಯಲ್ ಓದಬೇಕು. ಅದರ ಬದಲು ತೂಕ ಸಾಕು ಅಂದೆನಾ ನಾನು? ವಿನ್‌ಕ್ರಿಸ್ಟೀನ್ ಇನ್ನೂ ಸಿರಿಂಜಲ್ಲೇ ಕಳಿಸುವವರಿದ್ದಾರೆ, ಮೊದಲು ಅದನ್ನು ಕೇಳಿ. 50 ಮಿಲಿ ಬ್ಯಾಗಿಗೆ ಹಾಕಿದರೆ ಬೆನ್ನುಹುರಿಗೆ ಚುಚ್ಚಲು ಯಾರಿಗೂ ಕೈ ಹೋಗಲ್ಲ. ಈ ಔಷಧಿ ಬೆನ್ನುಹುರಿಗೆ ಹೋದರೆ ಜೀವವೇ ಹೋಗುತ್ತದೆ.

ಗೋಣಿಕೊಪ್ಪದಿಂದ: ಜಗಳ ಸಾಕು. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗುವುದನ್ನು ಯಾರೂ ಅಭ್ಯಾಸ ಮಾಡಿಸಲ್ಲ. ಮೂರನೇ ವಯಲ್ ಎಳೆಯುವಾಗ, ಔಷಧಿ ಬೆರೆಸುವ ಗಾಜಿನ ಕ್ಯಾಬಿನೆಟ್‌ನ ಬ್ಲೋವರ್ (ಗಾಳಿ ಫ್ಯಾನ್) ಆರಿಸಿ. ಕೆಲಸ ನಿಲ್ಲಿಸಿ, ಎಲ್ಲ ಮುಚ್ಚಿ, ಗಾಜು ಇಳಿಸಬೇಕು. ಕರೆಂಟ್ ಬಂದಾಗ ಎರಡೋ ಮೂರೋ ಅನ್ನುವ ಗೊಂದಲ ಬರುತ್ತದೆ, ಖಾಲಿ ವಯಲ್ ಟ್ರೇಯಲ್ಲೇ ಉಳಿಸಿದವರಿಗೆ ಮಾತ್ರ ಲೆಕ್ಕ ಸಿಗುತ್ತದೆ. ಅಭ್ಯಾಸದ ವಯಲ್‌ಗೆಲ್ಲ ಕೆಂಪು ಲೇಬಲ್ ಅಂಟಿಸಿ, ಸಂಜೆ ಎಣಿಸಿ ಕೋಣೆಯಿಂದ ಆಚೆ ಹಾಕಿ.