ಮಾಹಿತಿ ಸಾಕ್ಷರತೆ: ‘ನನಗೆ ಬರುತ್ತದೆ’ ಎಂಬ ಉತ್ತರವನ್ನು ಎಷ್ಟು ನಂಬಬಹುದು?

ಪುಟ_ತಿರುಗಿಸಿ (ಪ್ರಶ್ನೆ)

ಎಂ.ಲಿಬ್. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರ್ ಪ್ರಾಜೆಕ್ಟಿಗೆ ಪದವಿ ವಿದ್ಯಾರ್ಥಿಗಳ ಮಾಹಿತಿ ಸಾಕ್ಷರತೆಯ, ಅಂದರೆ ಮಾಹಿತಿಯನ್ನು ಹುಡುಕಿ, ಅಳೆದು, ಬಳಸುವ ಕೌಶಲದ, ಸಮೀಕ್ಷೆ ಮಾಡುತ್ತಿದ್ದೇನೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೇರಿ 300 ಜನರ ಗುರಿ. 2006ರಲ್ಲಿ ಟರ್ಕಿಯ ಸಂಶೋಧಕರು ಪ್ರಕಟಿಸಿದ 28 ಹೇಳಿಕೆಗಳ ಸ್ವಸಾಮರ್ಥ್ಯ ಮಾಪಕವನ್ನು ಕನ್ನಡಕ್ಕೆ ತಂದು, ಐದು ಅಂಕದ ಲೈಕರ್ಟ್ ಸ್ಕೇಲಿಗೆ (1 ಎಂದರೆ ಒಪ್ಪುವುದೇ ಇಲ್ಲ, 5 ಎಂದರೆ ಪೂರ್ತಿ ಒಪ್ಪುತ್ತೇನೆ) ಇಳಿಸಿದ್ದೇನೆ. ಪೈಲಟ್‌ನಲ್ಲಿ (ಪ್ರಾಯೋಗಿಕ ಸಮೀಕ್ಷೆಯಲ್ಲಿ) ಹೆಚ್ಚಿನವರು 4 ಅಥವಾ 5ಕ್ಕೇ ಟಿಕ್ ಹಾಕಿದ್ದಾರೆ. ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರೋನ್‌ಬಾಕ್ ಆಲ್ಫಾ 0.9 ದಾಟಿದೆ. ಗೈಡ್ ನೋಡಿ, “ನೀವು ಅಳೆದದ್ದು ಕೌಶಲವನ್ನೋ ಆತ್ಮವಿಶ್ವಾಸವನ್ನೋ?” ಎಂದು ಕೇಳಿದರು. ಪ್ರಶ್ನಾವಳಿಯ ಜೊತೆಗೆ ಒಂದು ಸಣ್ಣ ಪರೀಕ್ಷೆ ಇಡುವುದಾದರೆ ಏನೇನು ಇರಬೇಕು, ಎರಡನ್ನೂ ಹೋಲಿಸುವುದು ಹೇಗೆ?

ಉಲ್ಲೇಖ_ವಿಭಾಗ

ಗೈಡ್ ಕೇಳಿದ್ದು ಸರಿಯಾಗಿದೆ. ಆಲ್ಫಾ 0.9 ಬಂತೆಂದರೆ 28 ಹೇಳಿಕೆಗಳೂ ಒಂದೇ ರಾಗ ಹಾಡುತ್ತಿವೆ ಎಂದಷ್ಟೇ ತಿಳಿಯುತ್ತದೆ. ಆ ರಾಗ ಕೌಶಲದ್ದೋ ಧೈರ್ಯದ್ದೋ ಎಂಬುದು ಅದರಿಂದ ಗೊತ್ತಾಗದು. ವಿದ್ಯಾರ್ಥಿಗಳು ಹೇಳಿಕೊಂಡದ್ದನ್ನೂ ಮಾಡಿ ತೋರಿಸಿದ್ದನ್ನೂ ಹೋಲಿಸಿದ 53 ಅಧ್ಯಯನಗಳ ಒಂದು ವಿಮರ್ಶೆ 2016ರಲ್ಲಿ ಬಂದಿದೆ. ಹೆಚ್ಚಿನವುಗಳಲ್ಲಿ ಎರಡಕ್ಕೂ ತಾಳೆಯಾಗಿಲ್ಲ.

ತಾಳೆಯಾಗದ್ದಕ್ಕೆ ಕಾರಣ ಜಂಬವಲ್ಲ. ಗೂಗಲ್‌ನಲ್ಲಿ ಏನು ಟೈಪ್ ಮಾಡಿದರೂ ಹತ್ತು ಲಿಂಕ್ ಬಂದೇ ಬರುತ್ತವೆ, ‘ನೀನು ತಪ್ಪಾಗಿ ಹುಡುಕಿದೆ’ ಎಂದು ಅದು ಯಾವತ್ತೂ ಹೇಳುವುದಿಲ್ಲ. ಸಿಕ್ಕಿದ್ದರಲ್ಲೇ ಅಸೈನ್‌ಮೆಂಟ್ ಮುಗಿಯುತ್ತದೆ, ಅಂಕವೂ ಬರುತ್ತದೆ. ತಪ್ಪು ತಪ್ಪೆಂದು ಗೊತ್ತಾಗುವ ಸಂದರ್ಭವೇ ಬರದಿದ್ದರೆ 5ಕ್ಕೆ ಟಿಕ್ ಹಾಕುವುದು ಸಹಜ.

ಮೊದಲು ಹೇಳಿಕೆಗಳನ್ನು ಬಿಗಿ ಮಾಡಿ. ‘ನನಗೆ ವಿಶ್ವಾಸಾರ್ಹ ಮಾಹಿತಿ ಹುಡುಕಲು ಬರುತ್ತದೆ’ ಎಂದರೆ ಯಾರು ಇಲ್ಲ ಎನ್ನುತ್ತಾರೆ? ಅದರ ಬದಲು ‘ಒಂದು ಜರ್ನಲ್ ಲೇಖನದ ಉಲ್ಲೇಖ ಕೊಟ್ಟರೆ ಅದರಲ್ಲಿ ಸಂಪುಟ, ಸಂಚಿಕೆ, ಪುಟ ಯಾವುವು ಎಂದು ಗುರುತಿಸಬಲ್ಲೆ’ ಎಂದು ಬರೆಯಿರಿ. ಕೆಲಸ ಇಷ್ಟು ನಿರ್ದಿಷ್ಟವಾದರೆ ಉತ್ತರ ಕೊಡುವವರು ಒಂದು ಕ್ಷಣ ಯೋಚಿಸುತ್ತಾರೆ.

ಪರೀಕ್ಷೆಗೆ 12 ಬಹುಆಯ್ಕೆ ಪ್ರಶ್ನೆಗಳೂ 3 ಕೈಕೆಲಸಗಳೂ (ಮಾಡಿ ತೋರಿಸುವ ಕೆಲಸಗಳು) ಸಾಕು, ಒಟ್ಟು 45 ನಿಮಿಷ. ಬಹುಆಯ್ಕೆಗೆ ಮುಂಚೆ ‘ಈ 12ರಲ್ಲಿ ಎಷ್ಟು ಸರಿ ಮಾಡುತ್ತೀರಿ?’ ಎಂದು ಕೇಳಿ. ಮುಗಿದ ಮೇಲೆ ‘ಎಷ್ಟು ಸರಿಯಾಗಿರಬಹುದು?’ ಎಂದು ಮತ್ತೆ ಕೇಳಿ. ಹೀಗೆ ಮಾಡಿದರೆ ಅವರ ಅಂದಾಜೂ ನಿಜವಾದ ಅಂಕವೂ ಒಂದೇ ಅಳತೆಯಲ್ಲಿ ಸಿಗುತ್ತವೆ. ಲೈಕರ್ಟ್‌ನ 4.2ನ್ನು ಪರೀಕ್ಷೆಯ 7ರ ಪಕ್ಕದಲ್ಲಿಟ್ಟು ಹೋಲಿಸಿದರೆ ಅರ್ಥವಿಲ್ಲ.

ಕೈಕೆಲಸ ಒಂದು: 24(3), 112–119 (ಸಂಪುಟ 24, ಸಂಚಿಕೆ 3, ಪುಟ 112–119) ಇರುವ ಒಂದು ಪೂರ್ತಿ ಉಲ್ಲೇಖ ಕೊಟ್ಟು, ಇದು ನಮ್ಮ ಲೈಬ್ರರಿಯಲ್ಲಿದೆಯೇ ಎಂದು ನೋಡಲು ಒಪ್ಯಾಕ್‌ನಲ್ಲಿ (ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್) ಏನು ಟೈಪ್ ಮಾಡುತ್ತೀರಿ ಎಂದು ಕೇಳಿ. ಹೆಚ್ಚಾಗಿ ಲೇಖನದ ಹೆಸರನ್ನೇ ಹಾಕುತ್ತಾರೆ. ಸಾಮಾನ್ಯವಾಗಿ ಕ್ಯಾಟಲಾಗ್‌ನಲ್ಲಿ ಜರ್ನಲ್ ಹೆಸರಿರುತ್ತದೆ, ಒಳಗಿನ ಲೇಖನಗಳ ಹೆಸರಿರುವುದಿಲ್ಲ. ಹಾಗಾಗಿ ಫಲಿತಾಂಶ ಸೊನ್ನೆ. ಅದನ್ನು ನೋಡಿ ‘ಲೈಬ್ರರಿಯಲ್ಲಿ ಇಲ್ಲ’ ಎಂದು ಬರೆದವರಿಗೂ, ಜರ್ನಲ್ ಹೆಸರು ಹಾಕಿ 24ನೇ ಸಂಪುಟ ಇದೆಯೇ ಎಂದು ನೋಡಿದವರಿಗೂ ಇರುವ ವ್ಯತ್ಯಾಸವೇ ನೀವು ಅಳೆಯಬೇಕಾದ ಕೌಶಲ.

ಎರಡು: ಮೂರು ಉಲ್ಲೇಖ ಕೊಡಿ, ಅದರಲ್ಲಿ ಒಂದು ಎಐ ಹೆಣೆದ ಸುಳ್ಳು. ಡಿಒಐ ಸಂಖ್ಯೆಯನ್ನು (ಲೇಖನಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆ) ಡಿಒಐ ತಾಣದ ವಿಳಾಸದ ಕೊನೆಗೆ ಅಂಟಿಸಿ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಸುಳ್ಳು ಉಲ್ಲೇಖದ ಡಿಒಐ ಕೆಲವೊಮ್ಮೆ ತೆರೆದುಕೊಳ್ಳುತ್ತದೆ, ಆದರೆ ಬೇರೆಯೇ ಲೇಖನಕ್ಕೆ. ಆದ್ದರಿಂದ ಲಿಂಕ್ ತೆರೆಯಿತು ಎಂಬುದಕ್ಕೆ ಅಂಕ ಕೊಡಬೇಡಿ, ಶೀರ್ಷಿಕೆಯೂ ಲೇಖಕರೂ ಹೊಂದುತ್ತಾರೆಯೇ ಎಂದು ನೋಡಿದ್ದಕ್ಕೆ ಕೊಡಿ. ಡಿಒಐ ಇಲ್ಲದ್ದೆಲ್ಲ ಸುಳ್ಳಲ್ಲ ಎಂಬುದಕ್ಕೂ ಒಂದು ಪ್ರಶ್ನೆ ಇರಲಿ. ಐಎಸ್ಎಸ್ಎನ್ (ನಿಯತಕಾಲಿಕಗಳಿಗೆ ಕೊಡುವ ಸಂಖ್ಯೆ) ಇದ್ದರೆ ಒಳ್ಳೆಯ ಜರ್ನಲ್ ಎಂಬ ನಂಬಿಕೆಯನ್ನೂ ಇಲ್ಲೇ ಪರೀಕ್ಷಿಸಬಹುದು. ಅದು ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ.

ಮೂರು: ಪರಿಚಯವಿಲ್ಲದ ಸಂಸ್ಥೆಯೊಂದರ ವೆಬ್ ಪುಟ ಕೊಟ್ಟು ನಂಬಬಹುದೇ ಎಂದು ಕೇಳಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು (ಸುದ್ದಿಯ ನಿಜ ಸುಳ್ಳು ಪರಿಶೀಲಿಸುವವರು), 25 ಪದವಿ ವಿದ್ಯಾರ್ಥಿಗಳನ್ನು ಹೀಗೇ ಕೂರಿಸಿ ನೋಡಿದ್ದರು. ಫ್ಯಾಕ್ಟ್ ಚೆಕರ್‌ಗಳು ಪುಟವನ್ನು ಓದುತ್ತಾ ಕೂರದೆ ಬೇರೆ ಟ್ಯಾಬ್‌ಗಳಲ್ಲಿ ಆ ಸಂಸ್ಥೆಯ ಬಗ್ಗೆ ಉಳಿದವರು ಏನು ಹೇಳುತ್ತಾರೆ ಎಂದು ಹುಡುಕಿದರು. ವಿದ್ಯಾರ್ಥಿಗಳು ಲೋಗೊ, ವಿನ್ಯಾಸ, ‘ನಮ್ಮ ಬಗ್ಗೆ’ ಪುಟ ನೋಡಿ ಮೋಸಹೋದರು. ಸುಶಿಕ್ಷಿತ ಇತಿಹಾಸಕಾರರಲ್ಲೂ ಅನೇಕರು ಎಡವಿದರು ಎಂಬುದನ್ನು ಮರೆಯಬೇಡಿ.

ಅಂಕಿ_ಸಂಖ್ಯೆ

ಮೇಲಿನವರ ಪ್ರಶ್ನೆಗಳು ಚೆನ್ನಾಗಿವೆ, ಆದರೆ 12 ಕಡಿಮೆಯಾಯಿತು. ನಾಲ್ಕು ಆಯ್ಕೆ ಇದ್ದರೆ ಕಣ್ಣುಮುಚ್ಚಿ ಟಿಕ್ ಹಾಕಿದವರಿಗೂ ಸರಾಸರಿ 3 ಸರಿ ಬರುತ್ತದೆ. 24 ಮಾಡಿ. ಐದನೆಯ ಆಯ್ಕೆಯಾಗಿ ‘ಗೊತ್ತಿಲ್ಲ’ ಇಡಿ. ಅದನ್ನು ಎಷ್ಟು ಜನ ಆರಿಸುತ್ತಾರೆ ಎಂಬುದೇ ಸ್ವಗ್ರಹಿಕೆಯ ಬಗ್ಗೆ ಒಳ್ಳೆಯ ದತ್ತಾಂಶ. ಪೈಲಟ್ ಆದ ಮೇಲೆ ಎಲ್ಲರೂ ಸರಿ ಮಾಡಿದ ಪ್ರಶ್ನೆಯನ್ನೂ ಯಾರೂ ಮಾಡದ ಪ್ರಶ್ನೆಯನ್ನೂ ತೆಗೆದುಹಾಕಿ, ಅವು ಯಾರನ್ನೂ ಬೇರ್ಪಡಿಸುವುದಿಲ್ಲ.

ಈಗ ವಿಶ್ಲೇಷಣೆಗೆ ಬರೋಣ. ಈ ವಿಷಯ ಬರೆಯುವವರೆಲ್ಲ ಡನ್ನಿಂಗ್–ಕ್ರೂಗರ್ 1999 ಎಂಬ ಮನಶ್ಶಾಸ್ತ್ರದ ಅಧ್ಯಯನದಿಂದ ಶುರು ಮಾಡುತ್ತಾರೆ: ಕೆಳಗಿನ ಕಾಲುಭಾಗದವರ ಅಂಕ ಸರಾಸರಿ 12ನೇ ಪರ್ಸೆಂಟೈಲ್ (100 ಜನರಲ್ಲಿ 12 ಜನರಷ್ಟೇ ಅವರಿಗಿಂತ ಕೆಳಗೆ), ಅವರ ಅಂದಾಜು 62ನೇದು. ಅದೇ ನಮೂನೆಯ ಚಿತ್ರ ನಿಮಗೂ ಬರುತ್ತದೆ. ಬಂದ ಕೂಡಲೇ ಸಂಭ್ರಮಿಸಬೇಡಿ. ಎಕ್ಸೆಲ್‌ನಲ್ಲಿ 300 ಸಾಲು ತೆಗೆದುಕೊಂಡು ಎರಡು ಕಾಲಂಗೂ 0ಯಿಂದ 100ರವರೆಗಿನ ಯಾದೃಚ್ಛಿಕ ಸಂಖ್ಯೆ ತುಂಬಿ. ಒಂದಕ್ಕೆ ‘ಅಂಕ’, ಇನ್ನೊಂದಕ್ಕೆ ‘ಅಂದಾಜು’ ಎಂದು ಹೆಸರಿಡಿ. ಅಂಕದ ಪ್ರಕಾರ ಜೋಡಿಸಿ ನಾಲ್ಕು ಭಾಗ ಮಾಡಿ. ಕೆಳಗಿನ ಭಾಗದ ಸರಾಸರಿ ಅಂಕ 12.5ರ ಆಸುಪಾಸು, ಅಂದಾಜು 50ರ ಆಸುಪಾಸು. ಮೇಲಿನ ಭಾಗದಲ್ಲಿ 87.5 ಮತ್ತು 50. ಅಂದರೆ ಯಾವ ಮನುಷ್ಯನೂ ಇಲ್ಲದ ದತ್ತಾಂಶದಲ್ಲೂ ‘ಬಾರದವರಿಗೆ ಅತಿವಿಶ್ವಾಸ, ಬರುವವರಿಗೆ ಸಂಕೋಚ’ ಕಾಣಿಸುತ್ತದೆ.

ಇದನ್ನು ತಪ್ಪಿಸಲು 24 ಪ್ರಶ್ನೆಗಳಲ್ಲಿ ಬೆಸಸಂಖ್ಯೆಯ 12ರ ಅಂಕದಿಂದ ಗುಂಪು ಮಾಡಿ, ಸಮಸಂಖ್ಯೆಯ 12ರಲ್ಲಿ ಅಂದಾಜಿಗೂ ಅಂಕಕ್ಕೂ ಇರುವ ಅಂತರ ಲೆಕ್ಕಹಾಕಿ. ಅಂದಾಜನ್ನೂ ಎರಡು ಭಾಗಕ್ಕೆ ಪ್ರತ್ಯೇಕವಾಗಿ ಕೇಳಿರಬೇಕು, ಆಮೇಲೆ ಒಡೆಯಲಾಗದು. ಗುಂಪಿನ ಪಟ್ಟಿಗಿಂತ ಮೊದಲು 300 ಚುಕ್ಕಿಗಳ ಸ್ಕ್ಯಾಟರ್ ಚಿತ್ರ (ಒಬ್ಬರಿಗೆ ಒಂದು ಚುಕ್ಕಿ, ಅಂಕ ಒಂದು ಬದಿ, ಅಂದಾಜು ಇನ್ನೊಂದು ಬದಿ) ಹಾಕಿ, ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಸಹಸಂಬಂಧ ಕೊಡಿ. ತರಗತಿಯೊಳಗಿನ ಸ್ಥಾನ ಕೇಳುವಾಗ ‘ಪರ್ಸೆಂಟೈಲ್’ ಪದ ಬಳಸಬೇಡಿ, ಶೇಕಡಾ ಅಂಕ ಅಂದುಕೊಳ್ಳುತ್ತಾರೆ. ‘ನಿಮ್ಮಂಥ 100 ವಿದ್ಯಾರ್ಥಿಗಳಲ್ಲಿ ಎಷ್ಟು ಜನ ನಿಮಗಿಂತ ಕಡಿಮೆ ಅಂಕ ಪಡೆಯುತ್ತಾರೆ?’ ಎಂದು ಕೇಳಿ.

ಕೈಕೆಲಸಗಳಿಗೆ 0ಯಿಂದ 3 ಅಂಕ. ಇಬ್ಬರು ಪ್ರತ್ಯೇಕವಾಗಿ ಹಾಕಬೇಕು, ಒಬ್ಬರಿಗೆ ಇನ್ನೊಬ್ಬರ ಅಂಕ ಕಾಣಬಾರದು.

ಹಳೆ_ನುಡಿ

ಬಿ.ಎ. ಕನ್ನಡ ಮಾಧ್ಯಮದವರೂ ಇದ್ದಾರೆ ಎಂದರೆ ಹುಡುಕಾಟದ ಪ್ರಶ್ನೆಗಳನ್ನು ಕನ್ನಡದ ಸಾಮಗ್ರಿಯ ಮೇಲೂ ಇಡಬೇಕು. ಇಲ್ಲದಿದ್ದರೆ ನೀವು ಅಳೆಯುವುದು ಅವರ ಇಂಗ್ಲಿಷನ್ನು.

ಇಲ್ಲಿ ಗ್ರಹಿಕೆಯ ಎಡವಟ್ಟು ಉಲ್ಟಾ. ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ‘ಕನ್ನಡದಲ್ಲಿ ಏನೂ ಇಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಕ್ಷರಸಂಕೇತಕ್ಕೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡವೇ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಬೀಳುತ್ತದೆ. ಸರ್ಚ್ ಎಂಜಿನ್‌ಗೆ ಕಾಣುವುದೂ ಅದೇ. ಸ್ಕ್ಯಾನ್ ಮಾಡಿದ್ದಾದರೆ ಕಾಪಿಯೇ ಆಗದು. ಈ ಅಂಟಿಸಿ ನೋಡುವ ಕೆಲಸವನ್ನೇ ಒಂದು ಪ್ರಶ್ನೆ ಮಾಡಿ: ‘ಈ ಕಡತ ಹುಡುಕಾಟದಲ್ಲಿ ಯಾಕೆ ಬರಲಿಲ್ಲ?’

ಭಾರತದ ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲೂ ಕೆಲವು ಕನ್ನಡ ಪ್ರಬಂಧಗಳ ಶೀರ್ಷಿಕೆ ರೋಮನ್ ಲಿಪಿಯಲ್ಲಿದೆ. ಕನ್ನಡದಲ್ಲಿ ಟೈಪ್ ಮಾಡಿ ಸಿಗಲಿಲ್ಲವೆಂದರೆ ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ, ಹೀಗೆ ಇಳಿದು ಪಟ್ಟಿ ನೋಡಬೇಕು. ಪ್ರಬಂಧ ಅಧ್ಯಾಯವಾರು ಬೇರೆ ಬೇರೆ ಕಡತಗಳಲ್ಲಿರುತ್ತದೆ. ಗ್ರಂಥಸೂಚಿಯ ಕಡತವನ್ನು ಮೊದಲು ತೆರೆಯುವ ವಿದ್ಯಾರ್ಥಿ ಸಿಕ್ಕರೆ ಪೂರ್ತಿ ಅಂಕ ಕೊಡಿ! ಕಾಗುಣಿತ ಭೇದವೂ ನೋಡಿ: ‘ಇಂಗ್ಲಿಷ್’ ಎಂದು ಹುಡುಕಿದವರಿಗೆ ‘ಇಂಗ್ಲೀಷ್’ ಇರುವುದು ತಪ್ಪಿಹೋಗಬಹುದು. ಎರಡೂ ರೂಪ ಹಾಕಿದವರಿಗೆ ಒಂದಂಕ.

ಪುಟ_ತಿರುಗಿಸಿ

ಎಲ್ಲರಿಗೂ ಧನ್ಯವಾದ. ಎರಡು ತೊಡಕು. 300 ಜನರ ಕೈಕೆಲಸ ತಿದ್ದಲು ಇಬ್ಬರು ಸಿಗುವುದು ಕಷ್ಟ. ಇನ್ನೊಂದು, ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಗೆ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಒದಗಿಸುವ ಸೇವೆ) ಲಾಗಿನ್ ಕೊಟ್ಟೇ ಇಲ್ಲ.

ಉಲ್ಲೇಖ_ವಿಭಾಗ

ಬಹುಆಯ್ಕೆ 300 ಜನಕ್ಕೂ ಇರಲಿ, ಕೈಕೆಲಸ 45 ಜನಕ್ಕೆ ಸಾಕು. ಮೂರೂ ಕೋರ್ಸ್‌ಗಳಿಂದ 15ರಂತೆ ಚೀಟಿ ಎತ್ತಿ ಆರಿಸಿ. ಆಸಕ್ತರು ಬನ್ನಿ ಎಂದರೆ ಚುರುಕಾದವರಷ್ಟೇ ಬರುತ್ತಾರೆ.

ಲಾಗಿನ್ ವಿಷಯ ಮುಖ್ಯ. ಲಾಗಿನ್ ಇಲ್ಲದವರ ಕಡಿಮೆ ಅಂಕ ಕೌಶಲದ ಕೊರತೆಯಲ್ಲ, ಸೌಲಭ್ಯದ ಕೊರತೆ. 2025ರ ಜನವರಿ 1ರಂದು ಶುರುವಾದ ಜರ್ನಲ್‌ಗಳನ್ನು ಓದಲು ಕೊಡುವ ಕೇಂದ್ರದ ‘ಒಂದು ದೇಶ ಒಂದು ಚಂದಾ’ ಯೋಜನೆಯೂ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಹಾಗಾಗಿ ಪರೀಕ್ಷೆಯಲ್ಲಿ ಎಲ್ಲರಿಗೂ ತೆರೆದಿರುವ ತಾಣಗಳನ್ನೇ ಬಳಸಿ, ಉಳಿದದ್ದಕ್ಕೆ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಡಿ. ‘ಲಾಗಿನ್ ಇದೆಯೇ, ಕಳೆದ ತಿಂಗಳು ಬಳಸಿದ್ದೀರಾ’ ಎಂದು ಪ್ರಶ್ನಾವಳಿಯಲ್ಲಿ ಬೇರೆಯಾಗಿ ಕೇಳಿ. ಇಂಟರ್ನಲ್ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿ, ಹೆಸರಿನ ಬದಲು ಕೋಡ್ ಬರೆಸಿ. ಅಂಕದ ಭಯವಿದ್ದರೆ ಅಂದಾಜು ಪ್ರಾಮಾಣಿಕವಾಗಿರುವುದಿಲ್ಲ.

ಗೂಗಲ್ ಫಾರ್ಮ್ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿ ಮನೆಯಿಂದ ತುಂಬಿಸುವ ಯೋಚನೆ ಇದ್ದರೆ ಬಿಡಿ, ಉತ್ತರಗಳೂ ಅದೇ ಗುಂಪಿನಲ್ಲಿ ಹರಿದಾಡುತ್ತವೆ.

ಅಂಕಿ_ಸಂಖ್ಯೆ

ಸಮಯ ಸಾಲದೆ ಪರೀಕ್ಷೆಯನ್ನೇ ಕೈಬಿಡಬೇಕಾಗಿ ಬಂದರೆ ಪ್ರಾಜೆಕ್ಟ್ ಕೈಬಿಡುವುದು ಬೇಡ, ಶೀರ್ಷಿಕೆ ಬದಲಿಸಿ. ‘ಪದವಿ ವಿದ್ಯಾರ್ಥಿಗಳ ಮಾಹಿತಿ ಸಾಕ್ಷರತೆಯ ಮಟ್ಟ’ ಎನ್ನಬೇಡಿ, ‘ತಮ್ಮ ಮಾಹಿತಿ ಸಾಕ್ಷರತೆಯ ಬಗ್ಗೆ ಪದವಿ ವಿದ್ಯಾರ್ಥಿಗಳ ಗ್ರಹಿಕೆ’ ಎನ್ನಿ. ಗ್ರಹಿಕೆಗೂ ಬೆಲೆಯಿದೆ: ತನಗೆ ಬರುತ್ತದೆ ಎಂದುಕೊಂಡವರು ಲೈಬ್ರರಿಯ ತರಬೇತಿಗೆ ಬರುವುದಿಲ್ಲ. ಹಾಗಾಗಿ ತರಬೇತಿಗೆ ಬಂದವರ, ಬಾರದವರ ಉತ್ತರಗಳನ್ನು ಬೇರೆಬೇರೆಯಾಗಿ ತೋರಿಸಿದರೆ ಅಷ್ಟೇ ದತ್ತಾಂಶದಲ್ಲಿ ಒಂದು ಒಳ್ಳೆಯ ಅಧ್ಯಾಯವಾಗುತ್ತದೆ. ತೀರ್ಮಾನದಲ್ಲಿ ಮಾತ್ರ ‘ಕೌಶಲ ಉತ್ತಮವಾಗಿದೆ’ ಎಂಬ ವಾಕ್ಯ ನುಸುಳದಂತೆ ನೋಡಿಕೊಳ್ಳಿ, ವೈವಾದಲ್ಲಿ ಮೊದಲು ಹಿಡಿಯುವುದು ಅದನ್ನೇ.