ಫಿನ್ ಗ್ರಿಪ್ ಹಾಕಿದ ಮೇಲೆ ಎಆರ್-15 ರೈಫಲ್ ಸೇಫ್ಟಿ ತಿರುಗ್ತಿಲ್ಲ, ಯಾರಾದ್ರೂ ಹೇಳಿ

ತುಂಗಾತೀರ:
ತಲೆ ಕೆಟ್ಟುಹೋಗಿದೆ. ಇಲ್ಲಿನ ಕಾನೂನಿಗೆ ಸರಿಹೊಂದಲಿ ಅಂತ ಪಿಸ್ತೂಲ್ ಗ್ರಿಪ್ ತೆಗೆದು ಫಿನ್ ಗ್ರಿಪ್ (ಹೆಬ್ಬೆರಳು ಸುತ್ತಿ ಹಿಡಿಯೋಕಾಗದ ಹಾಗೆ ರೆಕ್ಕೆ ಇರೋ ಹಿಡಿ) ಹಾಕಿದೆ. ಬೇರೇನೂ ಮುಟ್ಟಿಲ್ಲ. ಈಗ ಸೇಫ್ಟಿ ಲಿವರ್ ‘ಸೇಫ್’ ಕಡೆಗೆ ತಿರುಗೋದೇ ಇಲ್ಲ. ಬಿಚ್ಚಿ ಮತ್ತೆ ಹಾಕಿದರೂ ಅದೇ ಕಥೆ. ವಿಡಿಯೋ ನೋಡಿದರೆ ಎಲ್ಲರಿಗೂ ಐದು ನಿಮಿಷದ ಕೆಲಸ. ಗ್ರಿಪ್ಪೇ ಸರಿಯಿಲ್ವಾ? ವಾಪಸ್ ಕಳಿಸಲಾ?

ಸ್ಯಾನ್‌ಹೋಸೆ_ಗೌಡ:
ವಾಪಸ್ ಬೇಡ. ಸ್ಕ್ರೂ ಉದ್ದ ಆಗಿದೆ, ಬರೆದಿಟ್ಕೊಳ್ಳಿ. ಗ್ರಿಪ್ ಸ್ಕ್ರೂ 1/4-28 ಥ್ರೆಡ್. ಅದು ಕೂರೋ ತೂತು ಲೋಯರ್ (ಟ್ರಿಗರ್ ಇರೋ ಕೆಳಭಾಗ) ಒಳಗೆ, ಟ್ರಿಗರ್ ಬಾಲದ (ಹಿಂದಿನ ತುದಿ) ಹತ್ತಿರ ತೆರೆದುಕೊಳ್ಳುತ್ತೆ. ಫಿನ್ ಗ್ರಿಪ್ಪಿನ ತಳ ತೆಳು ಇದ್ದು ಹಳೇ ಸ್ಕ್ರೂನೇ ಹಾಕಿದರೆ ತುದಿ ಒಳಗೆ ಚಾಚಿ ಬಾಲಕ್ಕೆ ತಾಗುತ್ತೆ. ಬಾಲ ಪೂರ್ತಿ ಇಳಿಯದಿದ್ದರೆ ಸೆಲೆಕ್ಟರ್, ಅಂದರೆ ಸೇಫ್ಟಿ ಲಿವರ್, ಸೇಫ್‌ಗೆ ಹೋಗಲ್ಲ. ಒಂದೆರಡು ಸುತ್ತು ಸಡಿಲ ಮಾಡಿ ನೋಡಿ, ತಿರುಗಿದರೆ ಅದೇ ಕಾರಣ.

ಬಿಲ್ಲುಗಾರ:
ಸ್ಕ್ರೂಗಿಂತ ಮೊದಲು ಸ್ಪ್ರಿಂಗ್ ನೋಡ್ರೀ. ಸೆಲೆಕ್ಟರನ್ನ ಜಾಗದಲ್ಲಿ ನಿಲ್ಲಿಸೋ ಡಿಟೆಂಟಿನ ಸ್ಪ್ರಿಂಗನ್ನ ಗ್ರಿಪ್ಪೇ ಹಿಡಿದುಕೊಂಡಿರುತ್ತೆ. ಗ್ರಿಪ್ ಎಳೆದ ತಕ್ಷಣ ಕೆಳಗೆ ಬಿದ್ದಿರುತ್ತೆ, ಇಲ್ಲ ಹಾಕುವಾಗ ಮಡಚಿಕೊಂಡಿರುತ್ತೆ. ಸ್ಪ್ರಿಂಗ್ ಇದೆಯಾ?

ತುಂಗಾತೀರ:
ಸ್ಪ್ರಿಂಗ್ ಇದೆ, ಹಾಕಿದ್ದೀನಿ. ಸ್ಕ್ರೂ ಗ್ರಿಪ್ ಜೊತೆ ಡಬ್ಬದಲ್ಲಿ ಬಂದಿದ್ದೇ. ಸಡಿಲ ಮಾಡಿದರೂ ತಿರುಗಲ್ಲ.

ಸ್ಯಾನ್‌ಹೋಸೆ_ಗೌಡ:
ಡಬ್ಬದಲ್ಲಿ ಬಂದಿದ್ದು ಅಂದರೆ ಸರಿಯಾದ್ದು ಅಂತೇನೂ ಅಲ್ಲ. ಸ್ಟಾರ್ ವಾಷರ್ ಹಾಕಿದ್ರಾ? ವಾಷರ್ ಇಲ್ಲದಿದ್ದರೆ ಸ್ಕ್ರೂ ಅಷ್ಟು ಒಳಗೆ ಹೋಗುತ್ತೆ. ಮೇಲಿಂದ ಟಾರ್ಚ್ ಹಾಕಿ, ತುದಿ ಹೊರಗೆ ಕಾಣಿಸ್ತಿದೆಯಾ ನೋಡಿ.

ತುಂಗಾತೀರ:
ವಾಷರ್ ಇದೆ. ತುದಿ ಕಾಣಿಸ್ತಿಲ್ಲ.

ಸ್ಯಾನ್‌ಹೋಸೆ_ಗೌಡ:
ಕಾಣಿಸದಿದ್ದರೂ ತಾಗಬಹುದು. ಸ್ಕ್ರೂ ಪೂರ್ತಿ ತೆಗೆದು, ಗ್ರಿಪ್ ಕೈಯಲ್ಲೇ ಒತ್ತಿ ಹಿಡಿದು ತಿರುಗಿಸಿ.

ಎಡಗೈ_ಶೂಟರ್:
ಗೌಡ್ರೇ, ಸ್ಕ್ರೂ ಬಿಡಿ ಸ್ವಲ್ಪ. ತುಂಗಾತೀರ ಅವರೇ, ಲಿವರ್ ತಿರುಗಿಸುವಾಗ ಹ್ಯಾಮರ್ (ಗುಂಡು ಹಾರಿಸೋಕೆ ಹೊಡೆಯೋ ಸುತ್ತಿಗೆ) ಹಿಂದಕ್ಕೆ ಕಾಕ್ ಆಗಿತ್ತಾ, ಮುಂದಕ್ಕೆ ಬಿದ್ದಿತ್ತಾ?

ಎಆರ್‌ನಲ್ಲಿ ಹ್ಯಾಮರ್ ಬಿದ್ದಿದ್ದರೆ ಸೇಫ್‌ಗೆ ಹೋಗಲ್ಲ. ಅದು ದೋಷ ಅಲ್ಲ, ವಿನ್ಯಾಸವೇ ಹಾಗೆ. ಹ್ಯಾಮರ್ ಬಿದ್ದಾಗ ಟ್ರಿಗರ್ ಮೂಗು ಮೇಲೇಳೋಕೆ ಆಗಲ್ಲ, ಬಾಲ ಎದ್ದೇ ಇರುತ್ತೆ, ಸೆಲೆಕ್ಟರಿನ ದಪ್ಪ ಭಾಗಕ್ಕೆ ಅದರ ಮೇಲೆ ಬರೋಕೆ ಜಾಗ ಇರಲ್ಲ.

ತುಂಗಾತೀರ:
ಬಿದ್ದಿದೆ. ಅಪ್ಪರ್ (ಬ್ಯಾರಲ್, ಬೋಲ್ಟ್ ಇರೋ ಮೇಲ್ಭಾಗ) ಕೂಡಿಸಿಲ್ಲ, ಬರೀ ಲೋಯರ್ ಇದೆ ನನ್ನ ಹತ್ತಿರ.

ಬಿಲ್ಲುಗಾರ:
ಇದನ್ನ ಮೊದಲೇ ಹೇಳಬಾರದಾ ಮಾರಾಯ್ರೇ!

ಎಡಗೈ_ಶೂಟರ್:
ಹೆಬ್ಬೆರಳಲ್ಲಿ ಹ್ಯಾಮರ್ ಹಿಂದಕ್ಕೆ ಒತ್ತಿ, ಟಕ್ ಅಂತ ಕೂತ ಮೇಲೆ ಲಿವರ್ ತಿರುಗಿಸಿ. ಒಂದು ಎಚ್ಚರಿಕೆ: ಬರೀ ಲೋಯರ್‌ನಲ್ಲಿ ಟ್ರಿಗರ್ ಎಳೆದು ಹ್ಯಾಮರನ್ನ ಸುಮ್ಮನೆ ಬೀಳಿಸಬೇಡಿ. ತಡೆಯೋಕೆ ಬೋಲ್ಟ್ ಇರಲ್ಲ, ನೇರ ಹೋಗಿ ಬೋಲ್ಟ್ ಕ್ಯಾಚಿಗೂ ಅಲ್ಯೂಮಿನಿಯಂ ಗೋಡೆಗೂ ಹೊಡೆಯುತ್ತೆ. ಪರೀಕ್ಷೆ ಮಾಡುವಾಗ ಬೆರಳಲ್ಲಿ ಹಿಡಿದೇ ಇಳಿಸಿ.

ತುಂಗಾತೀರ:
ತಿರುಗಿತು! ಆದರೆ ಕ್ಲಿಕ್ ಬರ್ತಿಲ್ಲ. ಲಿವರ್ ಲೊಡಲೊಡ ಅಂತಿದೆ, ಅಲ್ಲಾಡಿಸಿದರೆ ತಾನೇ ಅರ್ಧಕ್ಕೆ ಬಂದು ನಿಲ್ಲುತ್ತೆ.

ಬಿಲ್ಲುಗಾರ:
ಸ್ಪ್ರಿಂಗ್ ಅಂದೆನಲ್ಲ. ಮಡಚಿದೆ, ಇಲ್ಲ ಡಿಟೆಂಟ್ ಉಲ್ಟಾ ಕೂತಿದೆ. ಹೀಗೆ ಮಾಡಿ:

ಲೋಯರನ್ನ ತಲೆಕೆಳಗು ಮಾಡಿ ಹಿಡ್ಕೊಳ್ಳಿ, ಹ್ಯಾಮರ್ ಕಾಕ್ ಆಗಿರಲಿ, ಲಿವರ್ ಒಂದೇ ಕಡೆ ಪೂರ್ತಿ ತಿರುಗಿರಲಿ. 3/16 ಅಲೆನ್ ಕೀಲಿ ಸ್ಕ್ರೂ ಬಿಚ್ಚಿ (ಹಳೇ ನಮೂನೆಯ ಗೀಟಿನ ಸ್ಕ್ರೂ ಆದರೆ ಉದ್ದನೇ ಚಪ್ಪಟೆ ಸ್ಕ್ರೂಡ್ರೈವರ್). ಗ್ರಿಪ್ಪನ್ನ ನೇರ ಮೇಲಕ್ಕೆ ಎಳೀರಿ, ಓರೆ ಮಾಡಬೇಡಿ. ಡಿಟೆಂಟ್ ಅಂದರೆ ಆ ಪುಟ್ಟ ಪಿನ್. ಅದರ ಒಂದು ತುದಿ ಚೂಪು. ಚೂಪು ತುದಿ ಸೆಲೆಕ್ಟರಿಗೇ ತಾಗಬೇಕು, ಹಾಗಾಗಿ ತಲೆಕೆಳಗಿದ್ದಾಗ ಅದೇ ಮೊದಲು ತೂತಿಗೆ ಇಳಿಯಬೇಕು. ಸ್ಪ್ರಿಂಗನ್ನ ಗ್ರಿಪ್ಪಿನ ತೂತಿಗೆ ಸಿಕ್ಕಿಸಿ, ಎರಡೂ ತೂತು ಒಂದೇ ನೇರಕ್ಕೆ ತಂದು ಗ್ರಿಪ್ ಒತ್ತಿ. ಸ್ಪ್ರಿಂಗ್ ಡೊಂಕಾಗೋದು ಇಲ್ಲೇ. ಕೊನೇ ಸ್ವಲ್ಪ ಅಂತರ ಉಳಿದಾಗ ಪಕ್ಕದಿಂದ ಕಣ್ಣಿಟ್ಟು ನೋಡಿ, ಆಮೇಲೆ ಸ್ಕ್ರೂ. ಕೈಬಿಗಿಗಿಂತ ಸ್ವಲ್ಪ ಜಾಸ್ತಿ ಸಾಕು.

ಡೊಂಕಾದ ಸ್ಪ್ರಿಂಗನ್ನ ನೆಟ್ಟಗೆ ಮಾಡಿ ಹಾಕ್ಬೇಡಿ, ಹೊಸದು ತಗೊಳ್ಳಿ. ಸೇಫ್ಟಿ ವಿಷಯದಲ್ಲಿ ಚಿಲ್ಲರೆ ಕಾಸು ಉಳಿಸೋದು ಬೇಡ.

ಸ್ಯಾನ್‌ಹೋಸೆ_ಗೌಡ:
ಆದರೂ ಸ್ಕ್ರೂ ಒಂದ್ಸಲ ಅಳೆದು ನೋಡಿ. ಇರಲಿ, ಮಿಕ್ಕಿದ್ದು ಸರಿಯಿದೆಯಾ? ಫೀಚರ್‌ಲೆಸ್ ಅಂದರೆ ಗ್ರಿಪ್ ಒಂದೇ ಅಲ್ಲ. ಕ್ಯಾಲಿಫೋರ್ನಿಯಾ ದಂಡಸಂಹಿತೆ 30515ರಲ್ಲಿ ಇರಬಾರದ ಭಾಗಗಳ ಪಟ್ಟಿ: ಎದ್ದು ಕಾಣುವ ಪಿಸ್ತೂಲ್ ಗ್ರಿಪ್, ಥಂಬ್‌ಹೋಲ್ ಸ್ಟಾಕ್, ಮಡಚುವ ಅಥವಾ ಉದ್ದ-ಗಿಡ್ಡ ಮಾಡುವ ಸ್ಟಾಕ್ (ಹೆಗಲಿಗೆ ಆನಿಸೋ ಭಾಗ), ಗ್ರೆನೇಡ್ ಇಲ್ಲವೇ ಫ್ಲೇರ್ ಲಾಂಚರ್, ಫ್ಲ್ಯಾಶ್ ಸಪ್ರೆಸರ್ (ಫ್ಲ್ಯಾಶ್ ಹೈಡರ್, ಗುಂಡಿನ ಹೊಳಪು ತಗ್ಗಿಸೋದು), ಮುಂದಿನ ಪಿಸ್ತೂಲ್ ಗ್ರಿಪ್. ಮ್ಯಾಗಜೀನ್ ತೆಗೆಯೋ ಹಾಗಿರೋ ಸೆಂಟರ್‌ಫೈರ್ ಸೆಮಿ-ಆಟೋದಲ್ಲಿ ಇವುಗಳಲ್ಲಿ ಒಂದು ಇದ್ದರೂ ಕಥೆ ಮುಗೀತು. ಒಟ್ಟು ಉದ್ದ 30 ಇಂಚಿಗಿಂತ ಕಡಿಮೆ ಇರಬಾರದು. ಬುಲೆಟ್ ಬಟನ್ (ಉಪಕರಣದಿಂದ ಒತ್ತಿದರೆ ಮಾತ್ರ ಮ್ಯಾಗಜೀನ್ ಬಿಡೋ ಬೀಗ) ಕಾಲ 2016ಕ್ಕೇ ಮುಗಿದಿದೆ, ಅದನ್ನ ನೆಚ್ಚಿಕೊಳ್ಳಬೇಡಿ.

ಕಾಫಿತೋಟ:
ನನ್ನ ಪ್ರಕಾರ ಫಿನ್ ಗ್ರಿಪ್ ಹಿಂಸೆ. ಫಿಕ್ಸೆಡ್ ಮ್ಯಾಗಜೀನ್ ಮಾಡ್ಕೊಂಡರೆ ಗ್ರಿಪ್, ಸ್ಟಾಕ್, ಫ್ಲ್ಯಾಶ್ ಹೈಡರ್ ಎಲ್ಲ ಇಟ್ಕೋಬಹುದು. ಮ್ಯಾಗ್ 10 ಗುಂಡಿಗಿಂತ ಹೆಚ್ಚಿನದು ಆಗಬಾರದು ಅಷ್ಟೇ. ಹಿಂದಿನ ಪಿನ್ ಎಳೆದು ಅಪ್ಪರ್ ಎತ್ತಿದರೆ ಮ್ಯಾಗ್ ಬಿಡುತ್ತೆ.

ಎಡಗೈ_ಶೂಟರ್:
ರೇಂಜಿನಲ್ಲಿ ಡಬಲ್ ಫೀಡ್ (ಎರಡು ಗುಂಡು ಒಟ್ಟಿಗೆ ಸಿಕ್ಕಿಕೊಳ್ಳೋದು) ಆದಾಗ ಗೊತ್ತಾಗುತ್ತೆ ಹಿಂಸೆ ಯಾವುದು ಅಂತ. ಬೋಲ್ಟ್ ಅರ್ಧಕ್ಕೆ ಸಿಕ್ಕಿಕೊಂಡರೆ ಅಪ್ಪರ್ ಎತ್ತೋಕೂ ಆಗಲ್ಲ, ಮ್ಯಾಗ್ ತೆಗೆಯೋಕೂ ಆಗಲ್ಲ, ಒಳಗೆ ಗುಂಡು. ಫಿನ್ ಗ್ರಿಪ್ಪಿಗೆ ಕೈ ಹೊಂದಿಕೊಳ್ಳುತ್ತೆ. ಹೆಬ್ಬೆರಳು ಬಲಗಡೆಗೇ ಉಳಿಯೋದರಿಂದ ಎರಡೂ ಕಡೆ ಲಿವರ್ ಇರೋ ಸೆಲೆಕ್ಟರ್ ಹಾಕಿಸಿದರೆ ಇನ್ನೂ ಸಲೀಸು.

ಕಾಫಿತೋಟ:
ಅದಕ್ಕೇ ಒಳ್ಳೇ ಮ್ಯಾಗಜೀನ್, ಒಳ್ಳೇ ಗುಂಡು ಹಾಕಬೇಕು. ನನ್ನದರಲ್ಲಿ 18 ಇಂಚಿನ ಸ್ಟೇನ್‌ಲೆಸ್ ಬ್ಯಾರಲ್, ರೈಫಲ್ ಉದ್ದದ ಗ್ಯಾಸ್, 1-6 ಸ್ಕೋಪ್, ಎರಡು ಹಂತದ ಟ್ರಿಗರ್. ಬೆಣ್ಣೆ ಥರ ಓಡುತ್ತೆ.

ಬಿಲ್ಲುಗಾರ:
ಯಾರೂ ಕೇಳಲಿಲ್ಲ ಅದನ್ನ. 🙂 ತುಂಗಾತೀರ, ಮಜಲ್ (ಬ್ಯಾರಲ್ ತುದಿ) ಮೇಲೆ ಏನಿದೆ? ಸ್ಟಾಕ್ ಯಾವುದು?

ತುಂಗಾತೀರ:
ಹೊಸ ಸ್ಪ್ರಿಂಗ್ ಹಾಕಿದೆ, ಕ್ಲಿಕ್ ಗಟ್ಟಿಯಾಗಿ ಬರ್ತಿದೆ. ತುಂಬಾ ಥ್ಯಾಂಕ್ಸ್. ಸ್ಟಾಕ್ ಉದ್ದ-ಗಿಡ್ಡ ಆಗೋದೇ, ಮಜಲ್‌ನಲ್ಲಿ ಎ2 ಫ್ಲ್ಯಾಶ್ ಹೈಡರ್. ಗ್ರಿಪ್ ಒಂದು ಬದಲಾಯಿಸಿದರೆ ಸಾಕು ಅಂತ ಇಲ್ಲಿನ ಒಬ್ಬರು ಹೇಳಿದರು. ಅಂದಹಾಗೆ ನಾನಿರೋದು ಎಡಿಸನ್ ಕಡೆ. ಟೆಕ್ಸಸ್‌ನಿಂದ ಬಂದಿದ್ದು. ಅಪ್ಪರ್, ಮ್ಯಾಗಜೀನ್ ಎಲ್ಲ ಪೆನ್ಸಿಲ್ವೇನಿಯಾದಲ್ಲಿ ಭಾವನ ಮನೆಯಲ್ಲಿವೆ.

ಸ್ಯಾನ್‌ಹೋಸೆ_ಗೌಡ:
ನ್ಯೂಜೆರ್ಸಿ!! ಇಷ್ಟೊತ್ತು ಕ್ಯಾಲಿಫೋರ್ನಿಯಾ ಪುರಾಣ ಹೇಳ್ತಾ ಕೂತಿದ್ದೆ.

ಬಿಲ್ಲುಗಾರ:
ಅಪ್ಪರ್ ಅಲ್ಲೇ ಇರಲಿ, ಸದ್ಯ ತರಬೇಡಿ. ನ್ಯೂಜೆರ್ಸಿಯಲ್ಲಿ ಜೋಡಿಸಿದ ರೈಫಲ್ ಮಾತ್ರ ಅಲ್ಲ, ಸುಲಭವಾಗಿ ಜೋಡಿಸಬಹುದಾದ ಬಿಡಿಭಾಗ ಒಬ್ಬರ ಕೈಯಲ್ಲೇ ಇದ್ದರೂ ಅಸಾಲ್ಟ್ ಫೈರ್‌ಆರ್ಮ್ ಲೆಕ್ಕ. ಅದು ಸೆಕೆಂಡ್ ಡಿಗ್ರಿ ಅಪರಾಧ.

ಅಲ್ಲಿ ಲೆಕ್ಕವೇ ಬೇರೆ. 1996ರ ಅಟಾರ್ನಿ ಜನರಲ್ ಮಾರ್ಗಸೂಚಿ ಪ್ರಕಾರ ಮ್ಯಾಗ್ ತೆಗೆಯೋ ಹಾಗಿರೋ ಸೆಮಿ-ಆಟೋ ರೈಫಲ್‌ನಲ್ಲಿ ಈ ಐದರಲ್ಲಿ ಎರಡು ಇರಬಾರದು: ಮಡಚುವ/ಉದ್ದ-ಗಿಡ್ಡ ಸ್ಟಾಕ್, ಪಿಸ್ತೂಲ್ ಗ್ರಿಪ್, ಬಯೋನೆಟ್ ಮೌಂಟ್, ಫ್ಲ್ಯಾಶ್ ಸಪ್ರೆಸರ್ ಅಥವಾ ಅದನ್ನ ಹಾಕೋಕಿರೋ ಥ್ರೆಡ್ ಬ್ಯಾರಲ್, ಗ್ರೆನೇಡ್ ಲಾಂಚರ್. ಇಲ್ಲಿ ಸೆಂಟರ್‌ಫೈರ್ ಅನ್ನೋ ಮಾತಿಲ್ಲ, .22ಕ್ಕೂ ಅದೇ. ನಿಮ್ಮದರಲ್ಲಿ ಗ್ರಿಪ್ ಹೋದರೂ ಸ್ಟಾಕ್ ಒಂದು, ಫ್ಲ್ಯಾಶ್ ಹೈಡರ್ ಒಂದು, ಎರಡು ಉಳೀತು. ತೆಗೆದದ್ದು ತಪ್ಪು ಭಾಗ.

ಮಾಮೂಲಿ ಗ್ರಿಪ್ಪನ್ನೇ ವಾಪಸ್ ಹಾಕಿ, ಅದು ಒಂದು. ಮಿಕ್ಕಿದ್ದೆಲ್ಲ ಹೋಗಬೇಕು. ಸ್ಟಾಕಿಗೆ ಸುಲಭ ದಾರಿ, ಕಾರ್ಬೈನ್ ಟ್ಯೂಬಿಗೇ (ಈಗಿನ ಸ್ಟಾಕ್ ಕೂತಿರೋ ಕೊಳವೆ) ಕೂರೋ ಫಿಕ್ಸೆಡ್ ಸ್ಟಾಕ್. ಕೊಳ್ಳೋ ಮುಂಚೆ ಟ್ಯೂಬ್ ಅಳೀರಿ: ಮಿಲ್-ಸ್ಪೆಕ್ 1.148 ಇಂಚು, ಕಮರ್ಷಿಯಲ್ 1.168. ಇರೋ ಸ್ಟಾಕನ್ನೇ ಪಿನ್ ಮಾಡ್ತೀನಿ ಅಂದರೆ ಡ್ರಿಲ್ ಟ್ಯೂಬಿನ ಕೆಳಗಿನ ದಿಂಡಿನಲ್ಲೇ ನಿಲ್ಲಬೇಕು. ಒಳಗೆ ತೂರಿದರೆ ಬಫರ್ ಪ್ರತಿ ಹೊಡೆತಕ್ಕೂ ಪಿನ್ನಿಗೆ ಗುದ್ದುತ್ತೆ.

ಮಜಲ್: ಎ2 ತೆಗೆದು ಬ್ರೇಕ್ (ಒದೆತ ತಗ್ಗಿಸೋದು) ಹಾಕಿ, ಮೊದಲು ಪದರ ಸುಲಿಯೋ ಪೀಲ್ ವಾಷರ್‌ನಲ್ಲಿ ನೆಟ್ಟಗೆ ಕೂರಿಸಿ, ಆಮೇಲೆ ಪಕ್ಕದಿಂದ ತೂತು ಕೊರೆದು ಪಿನ್ ಇಳಿಸಿ ತಲೆಗೆ ವೆಲ್ಡ್. ಬರೀ ತಿರುಪಿ ಬಿಟ್ಟರೆ ಥ್ರೆಡ್ ಅಲ್ಲೇ ಇರುತ್ತೆ, ಅದು ಎರಡನೇದು. ಇದನ್ನ ಗನ್‌ಸ್ಮಿತ್ ಕೈಯಲ್ಲಿ ಪೆನ್ಸಿಲ್ವೇನಿಯಾದಲ್ಲೇ ಮಾಡಿಸಿ. ಎ2 ಥರದ ಫ್ರಂಟ್ ಸೈಟ್ ಇದ್ದರೆ ಬಯೋನೆಟ್ ಲಗ್ ಉಜ್ಜಿಸಿ. ಮ್ಯಾಗಜೀನ್ 10 ಗುಂಡಿನದು ಮಾತ್ರ, ಟೆಕ್ಸಸ್‌ನ 30ರವು ಗಡಿ ದಾಟಬಾರದು. ಎಲ್ಲ ಆದಮೇಲೆ ತರೋ ಮುಂಚೆ ಅಲ್ಲಿನ ಗನ್ ಕಾನೂನಿನ ವಕೀಲರಿಗೆ ಫೋಟೋ ತೋರಿಸಿ.

ಕಾಫಿತೋಟ:
ಫಿನ್ ಇಟ್ಕೊಂಡು ಸ್ಟಾಕ್ ಮಾತ್ರ ಫಿಕ್ಸ್ ಮಾಡಿದರೂ ಒಂದೇ ಉಳಿಯುತ್ತಲ್ಲ? ವೆಲ್ಡಿಂಗ್ ಖರ್ಚು ಯಾಕೆ?

ಬಿಲ್ಲುಗಾರ:
ಲೆಕ್ಕಕ್ಕೆ ಸರಿ. ಆದರೆ ಫಿನ್ ಗ್ರಿಪ್ ಪಿಸ್ತೂಲ್ ಗ್ರಿಪ್ ಅಲ್ಲ ಅನ್ನೋಕೆ ಆಧಾರ ಕ್ಯಾಲಿಫೋರ್ನಿಯಾ ನಿಯಮದ ವ್ಯಾಖ್ಯೆ: ಹೆಬ್ಬೆರಳು-ತೋರುಬೆರಳ ನಡುವಿನ ಜಾಗ ಟ್ರಿಗರಿನ ಮೇಲ್ತುದಿಗಿಂತ ಕೆಳಗೆ ಬರಬಾರದು ಅನ್ನೋದು. ಅದನ್ನ ಹಿಡ್ಕೊಂಡು ನ್ಯೂಜೆರ್ಸಿ ಕೋರ್ಟಿಗೆ ಹೋಗೋದು ಬೇಡ.

ಎಡಗೈ_ಶೂಟರ್:
ತಮಾಷೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ರೈಫಲ್ಲಿಗೆ ಥ್ರೆಡ್ ಬ್ಯಾರಲ್, ಬಯೋನೆಟ್ ಲಗ್ ಎರಡೂ ಪಟ್ಟಿಯಲ್ಲಿಲ್ಲ, ಮುಂದಿನ ಹಿಡಿ ಇದೆ. ನ್ಯೂಜೆರ್ಸಿಯಲ್ಲಿ ಉಲ್ಟಾ.

ಗಣಿಧೂಳು:
ಕೊಡಗಿನವರಿಗೆ ಕೋವಿ ಲೈಸೆನ್ಸೇ ಬೇಡ, ಅಮೆರಿಕದಲ್ಲಿ ಇಷ್ಟು ಗೋಳು! ನಾನು ಎಚ್-1ಬಿ ಮೇಲಿದ್ದೀನಿ, ಒಂದು ತಗೋಬಹುದಾ?

ಎಡಗೈ_ಶೂಟರ್:
ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಸೆಮಿ-ಆಟೋ ರೈಫಲ್ಲಿಗೆ ಅಲ್ಲ. ಎಚ್-1ಬಿ ಥರದ ನಾನ್-ಇಮಿಗ್ರಂಟ್ ವೀಸಾದವರು ಬಂದೂಕು ಇಟ್ಕೊಳ್ಳೋದು ಫೆಡರಲ್ ನಿಷೇಧ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಆದರೆ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಮಾತಾಡಿ. ಗ್ರೀನ್ ಕಾರ್ಡಿನವರಿಗೆ ಈ ತಡೆ ಇಲ್ಲ.

ತುಂಗಾತೀರ:
ಬಿಲ್ಲುಗಾರ ಸರ್ ಹೇಳಿದ ಹಾಗೇ ಮಾಡಿಸ್ತೀನಿ. ಬ್ರೇಕ್ ವೆಲ್ಡ್ ಆದಮೇಲೆ ನ್ಯೂಯಾರ್ಕ್ ರಾಜ್ಯದ ರೇಂಜಿಗೂ ಒಯ್ಯಬಹುದಲ್ವಾ? ಅಲ್ಲಿ ಫ್ರೆಂಡ್ಸ್ ಇದಾರೆ.

ಬಿಲ್ಲುಗಾರ:
ಬೇಡ. 2013ರ ಸೇಫ್ ಆಕ್ಟ್ ಪ್ರಕಾರ ಅಲ್ಲಿ ಒಂದೇ ಫೀಚರ್ ಸಾಕು, ಪಿಸ್ತೂಲ್ ಗ್ರಿಪ್ ಒಂದೇ ಮುಳುಗಿಸುತ್ತೆ. ಸಾಲದ್ದಕ್ಕೆ ಮಜಲ್ ಬ್ರೇಕ್ ಕೂಡ ಆ ಪಟ್ಟಿಯಲ್ಲಿದೆ, ವೆಲ್ಡ್ ಮಾಡಿದ್ದರೂ ಬಿಡಲ್ಲ. ಫ್ರೆಂಡ್ಸನ್ನೇ ಪೆನ್ಸಿಲ್ವೇನಿಯಾಕ್ಕೆ ಕರೀರಿ.